ಪಾನಿಯಾಳ ಕುರ್ಚಿಯಲ್ಲಿ

ತಕ್ಕಡಿ ಸಂಘದವರು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಸುವಾ ಖಾಂಗ್ ಬೇರೊಬ್ಬಳ ಕುರ್ಚಿಯಲ್ಲಿ ಕೂತಿದ್ದಳು. ಅವಳ ಮುಂದೆ, ಮೇಜಿನ ಅಂಚಿನಲ್ಲಿ, ಮಡಿಸಿ ನಿಲ್ಲಿಸಿದ ಬಿಳಿ ರಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿ ಪಾನಿಯಾ ಖಾಂಗ್ ಎಂದಿತ್ತು.

ಆ ಕ್ಷಣದವರೆಗೆ ಅದರಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಬಿಸಿನೆಸ್ ಕಾಲೇಜಿನಲ್ಲಿ ಒಂದೊಂದು ಕಂಪನಿಯ ಸಮಸ್ಯೆ ಚರ್ಚಿಸುವ ಕೇಸ್ ತರಗತಿಗೆ ಬರುವ ಪ್ರತಿಯೊಬ್ಬರೂ ತಮ್ಮ ಹೆಸರಿನ ರಟ್ಟನ್ನು ಮುಂದೆ ನಿಲ್ಲಿಸಿಕೊಳ್ಳಬೇಕು. ಯಾರು ಬಾಯಿ ಬಿಟ್ಟರು, ಬಿಟ್ಟದ್ದರಲ್ಲಿ ತೂಕವೆಷ್ಟಿತ್ತು ಎನ್ನುವುದನ್ನು ಹಿಂದಿನ ಸಾಲಿನಲ್ಲಿ ಕೂತ ಸಹಾಯಕ ಆ ರಟ್ಟು ನೋಡಿಯೇ ಗುರುತು ಹಾಕಿಕೊಳ್ಳುತ್ತಿದ್ದ. ಸುಮ್ಮನೆ ಕೂತವರಿಗೆ ಅಂಕವಿಲ್ಲ. ಹೀಗಾಗಿ ಬರಲಾಗದ ಗೆಳೆಯರ ರಟ್ಟನ್ನು ಖಾಲಿ ಕುರ್ಚಿಯ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ಅರ್ಧ ಕುಡಿದ ಕಾಫಿ ಲೋಟ ಇಟ್ಟು, ಬೆನ್ನಿಗೊಂದು ಕೋಟು ನೇತುಹಾಕಿ, ಇದೀಗ ಎದ್ದು ಹೋದ ಹಾಗೆ ಕಾಣಿಸುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಎಲ್ಲರೂ ಮಾಡುತ್ತಿದ್ದುದರಿಂದ ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ.

ಪಾನಿಯಾ ಬೆಳಿಗ್ಗೆಯೇ ಮಿಲ್ವಾಕಿ ನಗರಕ್ಕೆ ಹೋಗಿದ್ದಳು. ಅಲ್ಲಿ ಲೆಕ್ಕಪರಿಶೋಧಕರ ದೊಡ್ಡ ಕಚೇರಿಯೊಂದರಲ್ಲಿ ಬೇಸಿಗೆಯ ಕೆಲಸಕ್ಕೆ ಸಂದರ್ಶನವಿತ್ತು. ಅವಳು ಸುವಾಳ ದೊಡ್ಡಪ್ಪನ ಮಗಳು. ಆರು ತಿಂಗಳು ದೊಡ್ಡವಳಾದರೂ ಅಕ್ಕ ಅನ್ನಿಸಿಕೊಳ್ಳಲು ಎಂದೂ ಒಪ್ಪಿದವಳಲ್ಲ.

"ಬರೀ ರಟ್ಟು ನಿಲ್ಸಿದ್ರೆ ಸಾಲಲ್ಲ ಕಣೇ," ಎಂದಿದ್ದಳು ಹಿಂದಿನ ಸಂಜೆ. "ಬಾಯಿ ಬಿಡ್ಬೇಕು. ಈ ಸಲ ನಾನು ಮಾತಾಡಿದ್ದೇ ಕಡಿಮೆ."

"ನಿನ್ ಕುರ್ಚೀಲಿ ಕೂತು, ನಿನ್ ಹೆಸ್ರಲ್ಲಿ ಮಾತಾಡ್ಲಾ?"

"ಮತ್ತೆ? ನೀನು ಹೆಂಗೂ ದಿನಾ ಮಾತಾಡಿ ಗುಡ್ಡೆ ಹಾಕಿದೀಯ. ಒಂದು ದಿನ ನೀನೇ ಬಂದಿಲ್ಲ ಅಂತಾದ್ರೆ ಗಂಟೇನು ಹೋಗುತ್ತೆ?"

"ಮೇಷ್ಟ್ರು?"

"ಬದಲಿಗೆ ಬಂದಿರೋ ಆ ಮನುಷ್ಯ? ನಮ್ಮಿಬ್ರಲ್ಲಿ ಯಾರು ಯಾರು ಅಂತ ಅವ್ನಿಗೆ ಗೊತ್ತಾಗುತ್ತೆ ಅಂದ್ಕೊಂಡಿದೀಯಾ? ಹೋಗೇ ಮಾರಾಯ್ತಿ!"

ಗೊತ್ತಾಗಲಿಲ್ಲ. ಚೀಸ್ ಮಾಡುವ ಒಂದು ಸಹಕಾರಿ ಸಂಸ್ಥೆ ಪಕ್ಕದ ರಾಜ್ಯಕ್ಕೆ ಕಾಲಿಡಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಸುವಾ ಕೈ ಎತ್ತಿ, ಹಾಲು ಹಾಕುವ ರೈತರನ್ನು ಕೇಳದೆ ಹೋದರೆ ಕಾಲಿಟ್ಟ ಮೇಲೆ ಹಾಲೇ ಇರುವುದಿಲ್ಲ ಎಂದಳು. "ಭೇಷ್, ಪಾನಿಯಾ," ಎಂದರು ಮೇಷ್ಟ್ರು. ಹಿಂದೆ ಸಹಾಯಕ ಗುರುತು ಹಾಕಿಕೊಂಡ. ಪಕ್ಕದಲ್ಲಿ ಕೂತಿದ್ದ ಡ್ಯೂಯಿ ಪ್ರೀಬಿಲ್ ಕೆನ್ನೆ ಉಬ್ಬಿಸಿ ನಗು ತಡೆದುಕೊಂಡ. ಬಾಗಿಲು ತೆರೆದದ್ದು ಆಗಲೇ.

ಕಪ್ಪು ಗೌನು ತೊಟ್ಟ ಮೂವರು. ಮುಂದಿನವಳ ಕೈಯಲ್ಲಿ ಹಿತ್ತಾಳೆಯ ಪುಟ್ಟ ತಕ್ಕಡಿ. ಮೂರನೇ ವರ್ಷದಲ್ಲಿ ಅಂಕಗಳ ಸಾಲಿನಲ್ಲಿ ಮೇಲಿನ ಹತ್ತರಲ್ಲೊಂದು ಪಾಲಿನವರು ಮಾತ್ರ ಆ ಸಂಘಕ್ಕೆ ಸೇರುತ್ತಾರೆ, ಅದರ ಗೌರವದ ಹುರಿಯನ್ನು ಪದವಿಯ ದಿನ ಕೊರಳಿಗೆ ಹಾಕಿಕೊಳ್ಳುತ್ತಾರೆ. ಯಾರನ್ನು ಆರಿಸಿದ್ದಾರೆ ಎಂದು ಮೊದಲೇ ಹೇಳುವುದಿಲ್ಲ. ಪಾಠದ ನಡುವೆ ನುಗ್ಗಿ, ಎಲ್ಲರೆದುರು ಭುಜ ತಟ್ಟಿ ಎಬ್ಬಿಸುವುದು ಪದ್ಧತಿ. ತಟ್ಟಿಸಿಕೊಂಡವರು ಎದ್ದು ನಿಲ್ಲಬೇಕು, ಮಾತಾಡಬಾರದು. ಸುವಾ ಮೊದಲ ವರ್ಷದಿಂದಲೂ ಈ ದಿನವನ್ನು ಮನಸ್ಸಿನಲ್ಲಿ ಆಡಿಸಿಕೊಂಡವಳು. ಚಳಿಗಾಲದ ಪರೀಕ್ಷೆಯಲ್ಲಿ ತೆರಿಗೆ ಪತ್ರಿಕೆಯೊಂದು ಕೈಕೊಟ್ಟಿತ್ತು. ತಾನು ಗೆರೆಯಿಂದ ಸ್ವಲ್ಪವೇ ಕೆಳಗೆ ಉಳಿದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಗೌನುಗಳ ಸರಸರ ಕೇಳಿ ನೆಟ್ಟಗೆ ಕೂತಳು.

ತಕ್ಕಡಿ ಹಿಡಿದವಳು ನೇರ ಅವಳ ಹತ್ತಿರ ಬಂದಳು. ಭುಜದ ಮೇಲೆ ಕೈ ಬಿತ್ತು.

"ಪಾನಿಯಾ ಖಾಂಗ್. ಎದ್ದು ನಿಲ್ಲು."

ತರಗತಿ ಒಮ್ಮೆಲೇ ಸ್ತಬ್ಧವಾಯಿತು. ಮೇಷ್ಟ್ರು, ಸಹಾಯಕ, ಗೌನಿನವರು ಬಿಟ್ಟರೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಇವಳು ಯಾರೆಂದು ಗೊತ್ತಿತ್ತು. ಸುವಾ ರಟ್ಟಿನ ಕಡೆ ನೋಡಿದಳು. ಅಲ್ಲ ಎಂದರೆ, ಹಾಗಾದರೆ ಈ ರಟ್ಟು ಇಲ್ಲೇಕಿದೆ ಎಂಬ ಪ್ರಶ್ನೆ ಬರುತ್ತದೆ. ನಡತೆಯಲ್ಲಿ ಒಂದು ಕಪ್ಪು ಚುಕ್ಕೆ ಇದ್ದರೂ ಸಂಘ ಸೇರಿಸಿಕೊಳ್ಳುವುದಿಲ್ಲ, ಮಿಲ್ವಾಕಿಯವರೂ ಸೇರಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ ಡ್ಯೂಯಿ ಚಪ್ಪಾಳೆ ಶುರುಮಾಡಿದ. ಗೇಲಿಗೋ, ಕಾಪಾಡಲೆಂದೋ ಅವನಿಗೇ ಗೊತ್ತಿದ್ದಿರಲಾರದು. ಚಪ್ಪಾಳೆ ಕೋಣೆಯಿಡೀ ಹಬ್ಬಿತು. ಸುವಾ ಎದ್ದು ನಿಂತಳು.

ಕೊರಳಿಗೆ ನೀಲಿ, ಹೊನ್ನಿನ ಹುರಿ ಬಿತ್ತು. ಅದು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಗೌನಿನವರಲ್ಲಿ ಒಬ್ಬ ಫೋಟೊ ತೆಗೆದ. ಫೋಟೊದಲ್ಲಿ ಅವಳು ನಕ್ಕಿದ್ದಳು. ಯಾಕೆ ನಕ್ಕೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

*

ಪಾನಿಯಾ ಮಾತ್ರ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರು ದೊಡ್ಡಪ್ಪನ ಗ್ಯಾರೇಜಿನಲ್ಲಿದ್ದರು. ಹೊರಗೆ ಏಪ್ರಿಲ್‌ನ ಕೊಳಕು ಹಿಮ ಇನ್ನೂ ಕರಗಿರಲಿಲ್ಲ; ಒಳಗೆ ದೀಪಗಳ ಕೆಳಗೆ ಮೆಣಸಿನ ಸಸಿ, ಬದನೆ ಸಸಿಗಳ ತಟ್ಟೆಗಳು ಗೋಡೆಯುದ್ದಕ್ಕೂ ಇದ್ದವು. ಬೇಸಿಗೆಯಲ್ಲಿ ಎರಡೂ ಮನೆಯವರು ಸಂತೆಯಲ್ಲಿ ತರಕಾರಿ ಮಾರುತ್ತಿದ್ದರು.

"ನಿಂಗೆ ತಟ್ಟಿದ್ರಾ? ನನ್ ಹೆಸ್ರು ಹೇಳಿ? ಯಾರೂ ಉಸಿರೆತ್ಲಿಲ್ವಾ?"

"ಉಸಿರೆತ್ತೋ ಹಾಗಿರ್ಲಿಲ್ಲ."

"ಅಯ್ಯೋ, ನಾನಿರ್ಬೇಕಿತ್ತು ನೋಡೋಕೆ! ಎಲ್ಲಿ, ಹುರಿ ಕೊಡು."

ಸುವಾ ಕೊಟ್ಟಳು. ಪಾನಿಯಾ ಅದನ್ನು ಕೊರಳಿಗೆ ಹಾಕಿಕೊಂಡು ಗ್ಯಾರೇಜಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು. ಅದು ಅವಳದೇ. ರಾತ್ರಿಹಗಲು ಓದಿ ಗೆದ್ದದ್ದು. ಅದರಲ್ಲಿ ಸುವಾಳಿಗೆ ತಕರಾರಿರಲಿಲ್ಲ.

"ಸಂದರ್ಶನ ಹೆಂಗಾಯ್ತು?"

"ಕೆಲ್ಸ ಸಿಕ್ಕಂಗೇ. ಈ ಸಂಘದ ವಿಷ್ಯ ಕೇಳಿದ್ರು ಕಣೇ, ಆಗುತ್ತಾ ಅಂತ. ಆಗ್ಬಹುದು ಅಂದೆ. ನೋಡು, ನಾನು ಹಾಗನ್ನೋ ಹೊತ್ತಿಗೆ ಇಲ್ಲಿ ನೀನು ಎದ್ದು ನಿಂತಿದ್ದೆ!" ಮತ್ತೆ ನಕ್ಕಳು. ಸುವಾ ನಗದಿರುವುದು ಆಗ ಕಣ್ಣಿಗೆ ಬಿತ್ತು. "ಏನೇ? ಮುಖ ಯಾಕೆ ಹಂಗೆ ಮಾಡ್ಕೊಂಡೆ?"

"ಫೋಟೊ ತೆಗೆದ್ರು."

ಮಾರನೆಯ ದಿನ ಫೋಟೊ ಕಾಲೇಜಿನ ಪುಟದಲ್ಲಿತ್ತು, ಪ್ರವೇಶದ್ವಾರದ ದೊಡ್ಡ ಪರದೆಯ ಮೇಲಿತ್ತು. ಸುವಾಳ ಮುಖ, ಪಾನಿಯಾಳ ಹೆಸರು. ಸಂಜೆಯೊಳಗೆ, ಲಾವೋಸಿನ ಬೆಟ್ಟಗಳಿಂದ ಬಂದು ಊರಿನಲ್ಲಿ ನೆಲೆಸಿದ್ದ ಅವರ ಹ್ಮಾಂಗ್ ಜನರ ಮನೆಗಳ ಫೋನುಗಳಲ್ಲೆಲ್ಲ ಅದು ಓಡಾಡಿತು. ದೊಡ್ಡಪ್ಪ ಹೆಸರು ಓದಿ ಹಿಗ್ಗಿದ. ಅವನ ಮನೆಯಲ್ಲೇ ಇದ್ದ ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ಅವಳು ಮುಖ ನೋಡಿ ಹಿಗ್ಗಿದಳು. ಊಟದ ಮೇಜಿನಲ್ಲಿ ಹುಡುಗಿಯರಿಬ್ಬರೂ ಸಿಕ್ಕಿಬಿದ್ದರು.

"ನಮ್ ಸುವಾ ಹೆಂಗೆ ನಿಂತಿದಾಳೆ ನೋಡು," ಎಂದಳು ಅಜ್ಜಿ, ಅಂಟನ್ನದ ಉಂಡೆಯನ್ನು ಮೆಣಸಿನ ಚಟ್ನಿಗೆ ಅದ್ದುತ್ತ.

"ಅದು ಪಾನಿಯಾ ಅಮ್ಮಾ. ಹೆಸ್ರಿದೆ ಕೆಳಗೆ," ಎಂದ ದೊಡ್ಡಪ್ಪ.

"ಹೆಸ್ರು ಕಟ್ಕೊಂಡು ನಾನೇನ್ ಮಾಡ್ಲಿ? ಎತ್ತಿ ಆಡ್ಸಿದ ಮುಖ ಗೊತ್ತಾಗಲ್ವೇನೋ ನಂಗೆ?"

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಇಬ್ರಿಗೂ ಬಂದಿದೆ," ಎಂದಳು ಪಾನಿಯಾ, ಸಾರು ಬಡಿಸಿಕೊಳ್ಳುತ್ತ, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಲೀಸಾಗಿ. "ಫೋಟೊ ಹಾಕೋವಾಗ ಅದಲು ಬದಲು ಮಾಡಿದಾರೆ."

ಅಜ್ಜಿ ಎರಡೂ ಕೈ ಜೋಡಿಸಿ ಎದೆಗೆ ಒತ್ತಿಕೊಂಡಳು. ದೊಡ್ಡಪ್ಪ ಕುಲದ ಹಿರಿಯರಿಗೆಲ್ಲ ಆಗಲೇ ಫೋನು ಮಾಡತೊಡಗಿದ. ಇಬ್ಬರ ಕೈಗೂ ದಾರ ಕಟ್ಟಿ ಹರಸಬೇಕು, ಹಂದಿ ಹೇಳಿಡಬೇಕು. ಮೇಜಿನಡಿಯಲ್ಲಿ ಸುವಾ ಪಾನಿಯಾಳ ಕಾಲು ತುಳಿದಳು. ಪಾನಿಯಾ ಕಾಲು ಹಿಂದೆಳೆದುಕೊಂಡು ಉಣ್ಣುತ್ತಲೇ ಇದ್ದಳು.

*

ಕಿರ್ಸ್ಟನ್ ಆಬೆಂಡ್ರೋತ್ ಸುವಾಳನ್ನು ಹುಡುಕಿಕೊಂಡು ಬಂದದ್ದು ಆ ವಾರದ ಕೊನೆಗೆ, ಕಾಲೇಜಿನ ಕ್ಯಾಂಟೀನಿಗೆ. ತಕ್ಕಡಿ ಹಿಡಿದು ಬಂದಿದ್ದವಳು ಅವಳೇ. ಸಂಘದ ಅಧ್ಯಕ್ಷೆ, ಕೊನೆಯ ವರ್ಷದವಳು. ಗೌನಿಲ್ಲದೆ ಚಿಕ್ಕವಳಂತೆ ಕಾಣುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಸುವಾ? ನೀನು ಸುವಾ ತಾನೆ? ದಯವಿಟ್ಟು ಹೌದು ಅನ್ನು."

"ಹೌದು."

ಅವಳು ಎದುರು ಕುಸಿದು ಕೂತಳು. "ನಿನ್ನೆ ಹೊಸಬರ ಸಭೆ ಇತ್ತು. ಪಾನಿಯಾ ಬಂದಿದ್ಳು. ಬಂದು ಕೂತ್ಳು. ನಂಗೆ ಗೊತ್ತೇ ಆಗ್ಲಿಲ್ಲ, ಸುವಾ. ಅರ್ಧ ಗಂಟೆ ಅವ್ಳ ಜೊತೆ ಮಾತಾಡಿದೀನಿ. ಆಮೇಲೆ ಪರದೆ ಮೇಲೆ ಫೋಟೊ ನೋಡ್ತೀನಿ, ಬೇರೆ ಹುಡ್ಗಿ! ನಾನು ತಪ್ಪು ಹುಡ್ಗೀನ ತಟ್ಟಿದೀನಿ."

ಸುವಾ ಸೂಪಿನಲ್ಲಿ ಚಮಚ ಆಡಿಸಿದಳು.

"ಅವ್ಳೂ ಅಲ್ಲೇ ಎಲ್ಲೋ ಕೂತಿರ್ಬೇಕು ಅವತ್ತು. ಅವ್ಳೆದುರಿಗೇ ನಾನು... ಛೇ! ಯಾಕಂತ ಗೊತ್ತು ನಂಗೆ. ಸುಳ್ಳು ಹೇಳಲ್ಲ. ಒಬ್ಳು ಹ್ಮಾಂಗ್ ಹುಡ್ಗಿ ಕಂಡ್ಳು, ಇವ್ಳೇ ಅಂತ ಬಂದ್ಬಿಟ್ಟೆ."

"ಮುಂದೆ ರಟ್ಟಿತ್ತಲ್ಲ," ಎಂದಳು ಸುವಾ. "ರಟ್ಟು ನೋಡ್ಲಿಲ್ವಾ?"

"ಇಲ್ಲ. ಅದೇ ನಾಚಿಕೆ. ನೋಡ್ಲೇ ಇಲ್ಲ. ನಿನ್ ಮುಖ ನೋಡಿ ಬಂದೆ." ಅವಳು ಸುವಾಳ ಕೈ ಹಿಡಿದುಕೊಂಡಳು. "ಪಾಪ, ನೀನು ಎದ್ದು ನಿಂತೆ. ಎಲ್ರೆದುರು ನಮ್ಗೆ ಅವಮಾನ ಆಗ್ಬಾರ್ದು ಅಂತ. ನೀವೆಲ್ಲ ಎಷ್ಟು ಮರ್ಯಾದಸ್ಥರು!"

ಆ ಕೈಯನ್ನು ಬಿಡಿಸಿಕೊಳ್ಳಬೇಕೆನ್ನಿಸಿತು ಸುವಾಳಿಗೆ. ಬಿಡಿಸಿಕೊಳ್ಳಲಿಲ್ಲ. ರಟ್ಟು ನೋಡಲೇ ಇಲ್ಲ. ಎಂದರೆ ತನ್ನ ಸ್ವಂತ ರಟ್ಟನ್ನೇ ಮುಂದಿಟ್ಟುಕೊಂಡು ತನ್ನದೇ ಕುರ್ಚಿಯಲ್ಲಿ ಕೂತಿದ್ದರೂ ಇವಳು ಬಂದು ಪಾನಿಯಾ ಖಾಂಗ್, ಎದ್ದು ನಿಲ್ಲು ಎನ್ನುತ್ತಿದ್ದಳು. ಆಗ ತಪ್ಪು ಪೂರ್ತಿ ಇವಳದಾಗುತ್ತಿತ್ತು. ಈಗ ಪೂರ್ತಿ ಇವಳದಲ್ಲ. ಆದರೆ ಇವಳ ತಪ್ಪೇ ಇಲ್ಲ ಎನ್ನುವ ಹಾಗೂ ಇಲ್ಲ.

"ನಾನು ಲೆಮ್ಕೆ ಸರ್‌ಗೆ ಹೇಳಿದೀನಿ," ಎಂದಳು ಕಿರ್ಸ್ಟನ್. ಲೆಮ್ಕೆ ಸಂಘದ ಉಸ್ತುವಾರಿ ಪ್ರೊಫೆಸರು. "ಅಧ್ಯಕ್ಷ ಸ್ಥಾನ ಬಿಡ್ತೀನಿ. ಸೇರ್ಪಡೆ ದಿನ ಎಲ್ರೆದುರು ಕ್ಷಮೆ ಕೇಳ್ತೀನಿ, ನಿಮ್ ಮನೆಯವ್ರೆದುರೂ. ಅಲ್ಲದೆ ನಿಂಗಾದ ಅವಮಾನಕ್ಕೆ..." ಅವಳ ಮುಖದಲ್ಲಿ ಮೊದಲ ಸಲ ಬೆಳಕು ಬಂತು. "ಈ ವರ್ಷ ಗೆರೆ ಸ್ವಲ್ಪ ಕೆಳಗೆ ಎಳೀತೀವಿ. ನೀನೂ ಒಳಗೆ ಬರ್ತೀಯ. ದಾನ ಅಲ್ಲ ಸುವಾ, ನಿನ್ ಅಂಕ ಅಷ್ಟು ಹತ್ರ ಇದೆ."

ಅವಳು ಹೋದ ಮೇಲೆ ಸುವಾ ತಣ್ಣಗಾದ ಸೂಪಿನ ಮುಂದೆ ಕೂತೇ ಇದ್ದಳು. ಹಿಂದಿನಿಂದ ಯಾರೋ ಕುರ್ಚಿ ಎಳೆದರು. ಡ್ಯೂಯಿ ಪ್ರೀಬಿಲ್.

"ಗೆರೆ ಕೆಳಗೆ ಬಂತಂತೆ?"

"ನಿಂಗ್ಯಾರು ಹೇಳಿದ್ರು?"

"ನಿಂಗೂ ಗೆರೆಗೂ ಮಧ್ಯ ಯಾರಿದ್ರು ಗೊತ್ತಾ? ನಾನು!" ಅವನು ಅವಳ ತಟ್ಟೆಯಿಂದ ಬಿಸ್ಕತ್ತು ಎತ್ತಿಕೊಂಡ. "ಈಗ ನಾನೂ ಒಳಗೆ. ನಮ್ಮಪ್ಪ ಕುಣಿದಾಡ್ಬಿಟ್ಟ. ನೀನು ಏನೂ ಮಾತಾಡಲ್ಲ, ನಾನೂ ಏನೂ ನೋಡಿಲ್ಲ. ಸರಿನಾ? ಇಡೀ ಕ್ಲಾಸೇ ಏನೂ ನೋಡಿಲ್ಲ."

"ಕಿರ್ಸ್ಟನ್ ಹೋಗ್ತಾಳಲ್ಲ?"

"ಅವ್ಳು ಇನ್ನೊಂದು ತಿಂಗ್ಳಿಗೆ ಪದವಿ ತಗೊಂಡು ಹೋಗೋಳೇ. ಬಿಡು."

*

ಪಾನಿಯಾಳೂ ಅದನ್ನೇ ಹೇಳಿದಳು, ಆದರೆ ಬೇರೆ ರೀತಿಯಲ್ಲಿ. ಸಸಿಗಳನ್ನು ಚಿಕ್ಕ ತಟ್ಟೆಯಿಂದ ದೊಡ್ಡ ಕುಂಡಕ್ಕೆ ಬದಲಿಸುವ ಕೆಲಸ ನಡೆದಿತ್ತು. ಉಗುರಲ್ಲಿ ಮಣ್ಣು ತುಂಬಿಕೊಂಡಿತ್ತು.

"ಅವ್ಳು ಸುಳ್ಳು ಹೇಳ್ತಿದಾಳಾ? ಇಲ್ಲ ತಾನೆ? ಮುಖ ನೋಡಿ ಬಂದೆ ಅಂದ್ಳು. ನಿಜ. ಅರ್ಧ ಗಂಟೆ ನನ್ ಜೊತೆ ಕೂತ್ರೂ ಗೊತ್ತಾಗ್ಲಿಲ್ಲ. ಅದೂ ನಿಜ. ಕ್ಷಮೆ ಕೇಳ್ಲಿ ಬಿಡು."

"ಆ ತಪ್ಪಿಗೆ ಕೇಳ್ಲಿ. ಈ ತಪ್ಪು ನಮ್ದು."

"ಸ್ಕೂಲಲ್ಲಿ ಎಷ್ಟು ವರ್ಷ ನನ್ ಬೈಗಳ ನಿಂಗೆ, ನಿನ್ ಬೈಗಳ ನಂಗೆ ಬಿದ್ದಿದೆ? ಯಾರಾದ್ರೂ ಕ್ಷಮೆ ಕೇಳಿದ್ರಾ? ಒಂದು ಸಲ, ಒಂದೇ ಸಲ ಅದ್ರಿಂದ ನಮ್ಗೆ ಒಳ್ಳೇದಾಗ್ತಿದೆ. ನಿಂಗೆ ಅದೂ ಬೇಡ."

"ನಂಗೆ ಬೇಕು," ಎಂದಳು ಸುವಾ. "ಬೇಕು ಅನ್ನೋದೇ ಕಷ್ಟ."

ಅದು ನಿಜವಾಗಿತ್ತು. ಒಳಗೆ ಬರ್ತೀಯ ಎಂದು ಕಿರ್ಸ್ಟನ್ ಹೇಳಿದಾಗ ಅವಳ ಮೈ ಬಿಸಿಯಾಗಿತ್ತು. ಆಮೇಲೆ ಬೇರೇನೋ ಬಂದು ಅದರ ಮೇಲೆ ಕೂತಿತು. ಗುರುತು ಸಿಗದವಳು ಎಂಬ ಕಾರಣಕ್ಕೆ ಕೊಡುವ ಹುರಿ. ಅದನ್ನು ಹಾಕಿಕೊಂಡು ನಿಂತಷ್ಟು ಹೊತ್ತೂ ಅವಳು ಗುರುತು ಸಿಗದವಳೇ ಆಗಿರಬೇಕು.

ಪಾನಿಯಾ ಕೈ ಒರೆಸಿಕೊಂಡಳು. ಈಗ ಅವಳ ದನಿಯಲ್ಲಿ ನಗು ಇರಲಿಲ್ಲ. "ಕೇಳು. ಮಿಲ್ವಾಕಿ ಕಾಗದ ಬಂದಿದೆ. ಕಾಲೇಜಿಂದ ನಡತೆ ಸರಿಯಾಗಿದೆ ಅಂತ ಪತ್ರ ಹೋಗ್ಬೇಕು, ಅಷ್ಟೆ ಬಾಕಿ. ನೀನು ಬಾಯಿ ಬಿಟ್ರೆ ಆ ಕೆಲ್ಸ ಹೋಯ್ತು. ನಂದು. ನಿಂದಲ್ಲ, ಕಿರ್ಸ್ಟನ್‌ದಲ್ಲ, ನಂದು. ಗೊತ್ತಿದ್ದು ಮಾಡ್ತೀಯಾ?"

"ಮಾಡಲ್ಲ," ಎಂದಳು ಸುವಾ.

ಹಾಗೆ ಹೇಳುವಾಗ ಅವಳು ಸುಳ್ಳು ಹೇಳುತ್ತಿರಲಿಲ್ಲ.

*

ಸೇರ್ಪಡೆಯ ಸಂಜೆಗೆ ಮುಂಚೆ, ಮಧ್ಯಾಹ್ನ, ಸಭಾಂಗಣದಲ್ಲಿ ತಾಲೀಮು ಇತ್ತು. ಪಾನಿಯಾಳ ತಾಲೀಮು ಬೆಳಿಗ್ಗೆಯೇ ಮುಗಿದಿತ್ತು. ಅವಳು ಮನೆಗೆ ಹೋಗಿದ್ದಳು. ಕ್ಷಮೆಯ ಭಾಗಕ್ಕೆ ಸುವಾಳನ್ನು ಬೇರೆಯಾಗಿ ಕರೆದಿದ್ದರು. ಮೊದಲ ಎರಡು ಸಾಲು ಕುರ್ಚಿಗಳ ಮೇಲೆ ಖಾಂಗ್ ಕುಟುಂಬಕ್ಕೆ ಎಂದು ಚೀಟಿ ಅಂಟಿಸಿತ್ತು.

ವೇದಿಕೆಯ ಮೇಲೆ ಕಿರ್ಸ್ಟನ್ ಹಾಳೆ ಹಿಡಿದು ನಿಂತಿದ್ದಳು. ಕೆಳಗೆ ಲೆಮ್ಕೆ, ಕೈ ಕಟ್ಟಿಕೊಂಡು.

"ನನ್ನ ಎದುರಿಗೆ ಒಬ್ಬಳು ಹುಡುಗಿ ಇದ್ದಳು," ಎಂದು ಓದಿದಳು ಕಿರ್ಸ್ಟನ್. "ಅವಳನ್ನು ನಾನು ನೋಡಲಿಲ್ಲ."

"ಇನ್ನೂ ನಿಧಾನವಾಗಿ," ಎಂದರು ಲೆಮ್ಕೆ. "'ನೋಡಲಿಲ್ಲ' ಆದ್ಮೇಲೆ ನಿಲ್ಲು. ಆಗ ಸುವಾ ಎದ್ದು ವೇದಿಕೆಗೆ ಬರ್ಲಿ. ಎಲ್ಲಿ, ಇನ್ನೊಂದ್ಸಲ."

"ಅವಳನ್ನು ನಾನು ನೋಡಲಿಲ್ಲ."

ಕಿರ್ಸ್ಟನ್‌ಳ ದನಿ ನಡುಗಿತು. ನಟನೆಯಲ್ಲ. ವಾರಗಟ್ಟಲೆ ನಿದ್ದೆಗೆಟ್ಟವಳ ದನಿ. ಲೆಮ್ಕೆ ಸುವಾಳ ಕಡೆ ತಿರುಗಿ, ಮಗುವನ್ನು ಕರೆಯುವ ಹಾಗೆ ಕೈ ಮಾಡಿದರು. ಬಾ, ಎದ್ದು ಬಾ. ಸುವಾ ಎದ್ದಳು. ಎರಡು ಹೆಜ್ಜೆ ಇಟ್ಟಳು. ಇನ್ನೊಂದು ಇಡಲು ಕಾಲು ಒಪ್ಪಲಿಲ್ಲ.

"ಆ ರಟ್ಟು ಪಾನಿಯಾದು," ಎಂದಳು.

"ಏನಮ್ಮ?"

"ನನ್ ಮುಂದೆ ಇದ್ದ ರಟ್ಟು. ಕುರ್ಚಿನೂ ಅವ್ಳದೇ. ಅವ್ಳು ಅವತ್ತು ಬಂದಿರ್ಲಿಲ್ಲ. ಅವ್ಳ ಪರವಾಗಿ ನಾನು ಕೂತಿದ್ದೆ, ಮಾತೂ ಆಡಿದ್ದೆ. ಇವ್ಳು ತಟ್ಟಿದ್ದು ಸರಿಯಾಗೇ ಇದೆ ಸರ್."

ಲೆಮ್ಕೆ ಕಟ್ಟಿದ್ದ ಕೈ ಬಿಟ್ಟರು. ಖಾಲಿ ಕುರ್ಚಿಗಳ ಮೇಲಿನ ಚೀಟಿಗಳನ್ನು ನೋಡಿದರು. ಹ್ಮಾಂಗ್ ಸಂಘದ ಹಿರಿಯರನ್ನು ಅವರೇ ಖುದ್ದಾಗಿ ಕರೆದಿದ್ದರು, ಪತ್ರಿಕೆಯವನೊಬ್ಬನೂ ಬರುವವನಿದ್ದ.

"ನೀನು ಇದನ್ನ ಹೇಳ್ಲೇಬೇಕು ಅಂತೇನಿಲ್ಲ, ಸುವಾ," ಎಂದರು ಮೆಲ್ಲಗೆ. "ಹೇಳಿದ್ರೆ ನಾನು ಮೇಲೆ ತಿಳಿಸ್ಲೇಬೇಕಾಗುತ್ತೆ. ನನ್ಗೆ ಬೇರೆ ದಾರಿ ಇಲ್ಲ. ಈಗ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಅಂತ ಇಟ್ಕೊಳ್ಳೋಣ."

"ಕೇಳಿಸ್ಕೊಂಡ್ರಿ ಸರ್."

ವೇದಿಕೆಯ ಮೇಲೆ ಕಿರ್ಸ್ಟನ್ ಹಾಳೆಯನ್ನು ಮಡಿಸಿದಳು. ಮತ್ತೆ ಮಡಿಸಿದಳು. ಅವಳ ಮುಖದಲ್ಲಿ ಕೋಪ ಬರುತ್ತದೆಂದು ಸುವಾ ಕಾದಿದ್ದಳು. ಬಂದದ್ದು ಬೇರೆ, ಬಿಸಿನೀರಿಗೆ ಇಳಿದವರ ಮುಖದ ನಿರಾಳ.

"ಹಾಗಾದ್ರೆ ನಾನು ಸರಿಯಾಗೇ ಓದಿದ್ದೆ."

"ನೀನು ಓದ್ಲಿಲ್ಲ," ಎಂದಳು ಸುವಾ. "ರಟ್ಟು ನೋಡ್ಲೇ ಇಲ್ಲ ಅಂದಿದ್ದೆ. ಮುಖ ನೋಡಿ ಬಂದೆ ಅಂದೆ."

"ಇಲ್ಲ, ನೋಡಿದ್ದೆ. ಗಾಬರೀಲಿ ಹಾಗಂದೆ. ಈಗ ನೆನಪಾಗ್ತಿದೆ, ದಪ್ಪಕ್ಷರ. ಪಾನಿಯಾ ಖಾಂಗ್. ನೋಡಿದ್ದೆ ಸರ್, ನಾನು ನೋಡಿದ್ದೆ!" ಅವಳು ಅಳುತ್ತ ನಗುತ್ತಿದ್ದಳು. "ನಾನು ಅಂಥವ್ಳಲ್ಲ ಅಂತ ನಂಗೆ ಗೊತ್ತಿತ್ತು."

ಇಲ್ಲಿ ಇನ್ನು ಸುವಾಳ ಮಾತಿಗೆ ಬೆಲೆ ಇರಲಿಲ್ಲ; ಮೋಸ ಮಾಡಿದವಳು ಅವಳು. ಲೆಮ್ಕೆ ಜೇಬಿನಿಂದ ಫೋನು ತೆಗೆದು, ಕನ್ನಡಕ ಹುಡುಕುತ್ತ, "ಇಬ್ರ ಹೆಸ್ರೂ ಇವತ್ತಿನ ಪಟ್ಟಿಯಿಂದ ತೆಗೀಬೇಕಾಗುತ್ತೆ," ಎಂದರು. "ಪಾನಿಯಾಗೆ ನಾನು ಹೇಳ್ಲಾ?"

"ಬೇಡ. ನಾನು ಹೇಳ್ತೀನಿ."

*

ದೊಡ್ಡಪ್ಪನ ಮನೆಯ ಗ್ಯಾರೇಜಿನಲ್ಲಿ ಸಸಿಗಳ ತಟ್ಟೆಗಳನ್ನು ಒಂದು ಮೂಲೆಗೆ ಸರಿಸಿ ಉದ್ದನೆಯ ಮೇಜುಗಳನ್ನು ಹಾಕಿದ್ದರು. ಹೆಂಗಸರು ಬೇಯಿಸಿದ ಹಂದಿಮಾಂಸ ಕತ್ತರಿಸುತ್ತಿದ್ದರು. ದೊಡ್ಡ ಒರಳಿನಲ್ಲಿ ಯಾರೋ ಪಪ್ಪಾಯಿ ಕುಟ್ಟುತ್ತಿದ್ದರು. ಹೊಸ ಅಂಗಿ ತೊಟ್ಟ ದೊಡ್ಡಪ್ಪ, "ಎಲ್ಲಿ ಹೋಗಿದ್ಯೇ? ಬೇಗ ಬಟ್ಟೆ ಹಾಕ್ಕೋ, ಹೊತ್ತಾಯ್ತು!" ಎಂದು ಕೂಗಿದ. ಸುವಾ ತಲೆ ತಗ್ಗಿಸಿಕೊಂಡು ಒಳಗೆ ನಡೆದಳು.

ಕೋಣೆಯಲ್ಲಿ ಅಜ್ಜಿ ಪಾನಿಯಾಳಿಗೆ ಉಡಿಸುತ್ತಿದ್ದಳು. ಕಪ್ಪು ಬಟ್ಟೆಯ ಮೇಲೆ ಬೆಳ್ಳಿಯ ಕಾಸುಗಳು, ಕೊರಳಲ್ಲಿ ಬೆಳ್ಳಿಯ ಹಾರ. ಸೊಂಟಕ್ಕೆ ಹಸಿರು ಪಟ್ಟಿಯನ್ನು ಒಬ್ಬರು ಹಿಡಿದು ಎಳೆಯಬೇಕು, ಉಡುವವಳು ತಾನೇ ತಿರುಗುತ್ತ ಸುತ್ತಿಕೊಳ್ಳಬೇಕು. ಅಜ್ಜಿಯ ಕೈಯಲ್ಲಿ ಪಟ್ಟಿಯ ಕೊನೆಯ ಮೊಳ ಉಳಿದಿತ್ತು.

ಪಾನಿಯಾ ಸುವಾಳ ಮುಖ ನೋಡಿದಳು. ತಿರುಗುವುದನ್ನು ನಿಲ್ಲಿಸಿದಳು.

"ಹೇಳಿದ್ಯಾ?" ಇಂಗ್ಲಿಷಿನಲ್ಲಿ ಕೇಳಿದಳು.

"ಹೇಳ್ದೆ."

"ಯಾರಿಗೆ?"

"ಲೆಮ್ಕೆಗೆ. ಕಿರ್ಸ್ಟನ್‌ಗೂ."

"ನಂಗೆ ಮೊದ್ಲು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ." ಪಾನಿಯಾ ತಲೆಯಾಡಿಸಿದಳು. ಕಾಸುಗಳು ಸಣ್ಣಗೆ ಗಲ್ ಎಂದವು. "ಹತ್ತು ನಿಮಿಷದ ಪರಿಚಯದ ಹುಡ್ಗಿಗೋಸ್ಕರ."

"ಅವ್ಳಿಗೋಸ್ಕರ ಅಲ್ಲ."

"ಮತ್ಯಾರಿಗೆ?"

ಸುವಾ ಹೇಳಲು ನೋಡಿದಳು. ತನಗೇ ಎನ್ನಬೇಕಿತ್ತು. ಆ ಪದ ಈ ಕೋಣೆಯಲ್ಲಿ, ಉಟ್ಟು ನಿಂತ ಇವಳೆದುರು, ಅಸಹ್ಯವಾಗಿ ಕೇಳುತ್ತಿತ್ತು. ಪಾನಿಯಾಳಿಗೆ ಅರ್ಥವಾಯಿತು, ಅರ್ಥವಾದದ್ದು ಅವಳ ಕಣ್ಣಲ್ಲಿ ಕಂಡಿತು, ಅದರಿಂದ ಏನೂ ಹಗುರಾಗಲಿಲ್ಲ.

"ಏನೇ ಅದು, ಬಿಳಿಯರ ಮಾತಲ್ಲಿ ಗುಸುಗುಸು?" ಎಂದಳು ಅಜ್ಜಿ. "ಹೊತ್ತಾಯ್ತು, ತಿರುಗು."

"ಇವತ್ತು ಹೋಗಲ್ಲ ಅಜ್ಜಿ," ಎಂದಳು ಪಾನಿಯಾ, ಈಗ ಮನೆಮಾತಿನಲ್ಲಿ. "ಅವ್ರು ಬೇಡ ಅಂದ್ರು. ನಾನು ಕ್ಲಾಸಿಗೆ ಹೋಗದೆ ಇವಳನ್ನ ಕೂರ್ಸಿದ್ದೆ. ಗೊತ್ತಾಗೋಯ್ತು."

"ಯಾರು ಹೇಳಿದ್ರು ಅವ್ರಿಗೆ?"

ಹೊರಗೆ ಒರಳಿನ ಸದ್ದು.

"ನಾನು ಅಜ್ಜಿ," ಎಂದಳು ಸುವಾ.

ಅಜ್ಜಿ ಪಟ್ಟಿಯ ತುದಿಯನ್ನು ಕೈಬಿಟ್ಟಳು. ಬೈಯಲಿಲ್ಲ. ಇಬ್ಬರನ್ನೂ ಒಮ್ಮೆ ನೋಡಿ, ಹಾಸಿಗೆಯ ಅಂಚಿನಲ್ಲಿ ಕೂತು, ಕೈಗೆ ಕಟ್ಟಲೆಂದು ಇಟ್ಟಿದ್ದ ಬಿಳಿ ದಾರದ ಉಂಡೆಯನ್ನು ಸುತ್ತಿದ್ದನ್ನೇ ಮತ್ತೆ ಸುತ್ತತೊಡಗಿದಳು.

ಪಾನಿಯಾ ಹಿಂದುಮುಂದಾಗಿ ತಿರುಗುತ್ತ ಪಟ್ಟಿಯನ್ನು ಬಿಚ್ಚಿಕೊಳ್ಳತೊಡಗಿದಳು. ಒಬ್ಬಳಿಂದ ಆಗುವ ಕೆಲಸವಲ್ಲ. ಪಟ್ಟಿ ಕಾಲಿಗೆ ತೊಡರಿಕೊಳ್ಳುತ್ತಿತ್ತು. ಸುವಾ ಹಿಡಿಯಲು ಕೈ ಚಾಚಿದಳು.

"ಬಿಡು. ಹೊರಗೆ ಜನ ಬರ್ತಿದಾರೆ. ಹೋಗಿ ಅವ್ರಿಗೆ ಹೇಳು. ಅಪ್ಪನ ಕೈಲಿ ಹೇಳಿಸ್ಬೇಡ. ನೀನೇ ಹೇಳು."

ಸುವಾ ಅಡಿಗೆಮನೆಯ ಹಿಂಬಾಗಿಲಿಂದ ಹೊರಬಂದಳು. ಮನೆಯ ಮುಂದೆ ವ್ಯಾನುಗಳು ಒಂದರ ಹಿಂದೊಂದು ನಿಲ್ಲುತ್ತಿದ್ದವು. ಮೊದಲನೆಯದರಲ್ಲಿ ಹ್ಯಾಟ್ ಹಾಕಿದ ಕುಲದ ಹಿರಿಯನೊಬ್ಬ, ಸಭೆಗೆಂದು ಟೈ ಕಟ್ಟಿಕೊಂಡು, ಮುಂದಿನ ಸೀಟಿನಲ್ಲಿ ಕೂತಿದ್ದ. ದೂರದ ಊರಿನವನು, ಮದುವೆ ಸಾವುಗಳಲ್ಲಿ ಮಾತ್ರ ಕಂಡವನು. ಅವನು ಕಿಟಕಿ ಇಳಿಸಿ, ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಗುರುತು ಸಿಗಲಿಲ್ಲ. ಸಿಗಲಿಲ್ಲವೆಂದು ಅವನಿಗೆ ನಾಚಿಕೆಯೂ ಆಗಲಿಲ್ಲ.

"ಖಾಂಗ್ ಅಣ್ಣತಮ್ಮಂದಿರ ಮಕ್ಳು ಇಬ್ರು ಅಂದ್ರು," ಎಂದ. "ನೀನು ಅದ್ರಲ್ಲಿ ಯಾರಮ್ಮ?"

"ಸುವಾ," ಎಂದಳು ಅವಳು. ಉಳಿದದ್ದನ್ನು ಹೇಳಲು ಕಿಟಕಿಯ ಹತ್ತಿರಕ್ಕೆ ಬಗ್ಗಿದಳು.